ಆನೆ ಕಥೆಯಲ್ಲಿ ‘ಹ್ಯಾಡ್’ ಎಲ್ಲಿ ಬೇಕು, ಎಲ್ಲಿ ಬೇಡ?

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ನಾನು ಓದಿದ್ದು ಕನ್ನಡ ಮೀಡಿಯಂ. ರೂಮು, ಊಟ, ಬಿಲ್ಲು ಅಂತ ಗೆಸ್ಟ್‌ಗಳ ಜೊತೆ ಇಂಗ್ಲಿಷ್‌ನಲ್ಲಿ ಮಾತಾಡೋದು ಕಷ್ಟ ಇಲ್ಲ. ಆದರೆ ರಾತ್ರಿ ಊಟ ಆದ ಮೇಲೆ ಎಲ್ಲರೂ ಕೂತು ಕಥೆ ಕೇಳುತ್ತಾರೆ. ಇಲ್ಲಿಗೆ ಆನೆ ಬಂದಿತ್ತಾ? 2018ರ ಮಳೆಯಲ್ಲಿ ಏನಾಯ್ತು? ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನ ಯಾಕೆ ಹಾಗಿದೆ? ಆಗ ನಾಲಿಗೆ ತಡವರಿಸುತ್ತದೆ. ಟೆನ್ಸ್ ಎಲ್ಲ ಬಾಯಿಪಾಠ ಇದೆ, ಕಥೆ ಹೇಳುವಾಗ ಮಾತ್ರ ಕಲಸುಮೇಲೋಗರ. ಕಾಲೇಜಿಗೆ ಹೋಗುವ ಮಗಳು ‘ಅಮ್ಮ, ನೀನು ಎಲ್ಲದಕ್ಕೂ ಹ್ಯಾಡ್ ಹಾಕ್ತೀಯ’ ಅಂತ ನಗುತ್ತಾಳೆ. ನಾನು ಹೇಳುವ ಒಂದು ಕಥೆಯನ್ನು ಹೇಳುವ ಹಾಗೇ ಬರೆದಿದ್ದೇನೆ. ಎಲ್ಲಿ ತಪ್ಪು, ಯಾಕೆ ತಪ್ಪು ಅಂತ ಬಿಡಿಸಿ ಹೇಳ್ತೀರಾ? ಇನ್ನೊಂದು ಪ್ರಶ್ನೆ: ‘ಹ್ಯಾಡ್ ಹ್ಯಾಡ್’ ಅಂತ ಎರಡು ಸಲ ಒಟ್ಟಿಗೆ ಬರುವುದು ಸರೀನಾ, ಪ್ರಿಂಟ್ ತಪ್ಪಾ?

‘ಲಾಸ್ಟ್ ಜೂನ್ ಒನ್ ಎಲಿಫೆಂಟ್ ಹ್ಯಾಡ್ ಕಮ್ ಟು ಅವರ್ ಎಸ್ಟೇಟ್. ವೀ ವರ್ ಸ್ಲೀಪಿಂಗ್. ದ ಡಾಗ್ ಹ್ಯಾಡ್ ಬಾರ್ಕ್ಡ್. ಮೈ ಹಸ್ಬೆಂಡ್ ಹ್ಯಾಡ್ ಟೇಕನ್ ದ ಟಾರ್ಚ್ ಅಂಡ್ ಹ್ಯಾಡ್ ಗಾನ್ ಔಟ್‌ಸೈಡ್. ದ ಎಲಿಫೆಂಟ್ ವಾಸ್ ಈಟಿಂಗ್ ಜ್ಯಾಕ್‌ಫ್ರೂಟ್. ಹೀ ವಾಸ್ ನಾಟ್ ನೋಯಿಂಗ್ ವಾಟ್ ಟು ಡು. ದೆನ್ ದ ಎಲಿಫೆಂಟ್ ವೆಂಟ್. ಇನ್ ದ ಮಾರ್ನಿಂಗ್ ವೀ ಸಾ ಇಟ್ ಬ್ರೋಕ್ ದ ಪೈಪ್.’

ಉತ್ತರ: ನಿಮ್ಮ ಕಥೆ ಚೆನ್ನಾಗಿದೆ. ನಾಯಿ, ಟಾರ್ಚ್, ಹಲಸಿನ ಹಣ್ಣು, ಒಡೆದ ಪೈಪ್, ಕೇಳುವವರಿಗೆ ಬೇಕಾದ್ದೆಲ್ಲ ಅದರಲ್ಲಿದೆ. ಮಗಳು ಹೇಳಿದ್ದೂ ಸರಿ, ಹ್ಯಾಡ್ ಜಾಸ್ತಿ ಆಗಿದೆ. ತಮಾಷೆ ಏನು ಗೊತ್ತಾ? ಇಡೀ ಕಥೆಯಲ್ಲಿ ಹ್ಯಾಡ್ ನಿಜವಾಗಿ ಬೇಕಾಗಿರುವುದು ಕೊನೆಯ ಸಾಲಿಗೆ ಮಾತ್ರ. ಅಲ್ಲೇ ಅದು ಬಿಟ್ಟುಹೋಗಿದೆ.

ಇದು ನಿಮ್ಮೊಬ್ಬರ ಸಮಸ್ಯೆ ಅಲ್ಲ. ನಾನು ಇಲ್ಲೇ ಕೊಡಗಿನಲ್ಲಿ ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಅವರ ಉತ್ತರ ಪತ್ರಿಕೆ ತೆಗೆದರೂ ಇದೇ ಕಾಣುತ್ತದೆ. ನಾವು ಟೆನ್ಸ್ ಕಲಿಸುವ ರೀತಿಯೇ ಕಥೆಗೆ ಒಗ್ಗುವುದಿಲ್ಲ. ಹನ್ನೆರಡು ಮನೆಯ ಪಟ್ಟಿ ಬರೆಸುತ್ತೇವೆ, ಮನೆಗೊಂದು ಉದಾಹರಣೆ. ರಾಮ ಹಣ್ಣು ತಿಂದನು, ರಾಮ ಹಣ್ಣು ತಿನ್ನುತ್ತಿದ್ದನು, ರಾಮ ಹಣ್ಣು ತಿಂದಿದ್ದನು. ಒಂಟಿ ವಾಕ್ಯದಲ್ಲಿ ಮೂರೂ ಸರಿಯೇ. ಯಾವುದನ್ನು ಯಾವಾಗ ಹೇಳಬೇಕು ಅಂತ ಗೊತ್ತಾಗಬೇಕಾದರೆ ಹಿಂದೊಂದು ಮುಂದೊಂದು ವಾಕ್ಯ ಬೇಕಲ್ವಾ? ಪಟ್ಟಿಯಲ್ಲಿ ಅದು ಇರುವುದಿಲ್ಲ.

ಇಂಗ್ಲಿಷ್ ಕಥೆಯನ್ನು ಮುಂದಕ್ಕೆ ಎಳೆದುಕೊಂಡು ಹೋಗುವುದು ಸಿಂಪಲ್ ಪಾಸ್ಟ್. ಕೇಮ್, ವೆಂಟ್, ಸಾ, ಟುಕ್, ಬಾರ್ಕ್ಡ್. ನೀವು ಹೇಳಿದ ಕ್ರಮವೇ ನಡೆದ ಕ್ರಮ ಅಂತ ಕೇಳುವವರು ತಿಳಿದುಕೊಳ್ಳುತ್ತಾರೆ. ‘ದ ಡಾಗ್ ಬಾರ್ಕ್ಡ್ ಅಂಡ್ ದ ಎಲಿಫೆಂಟ್ ಟರ್ನ್ಡ್’ ಅಂದರೆ ನಾಯಿ ಬೊಗಳಿದ್ದಕ್ಕೆ ಆನೆ ತಿರುಗಿತು. ‘ದ ಎಲಿಫೆಂಟ್ ಟರ್ನ್ಡ್ ಅಂಡ್ ದ ಡಾಗ್ ಬಾರ್ಕ್ಡ್’ ಅಂದರೆ ಆನೆ ತಿರುಗಿದ್ದಕ್ಕೆ ನಾಯಿ ಬೊಗಳಿತು. ಪದ ಅವೇ, ಕಥೆ ಬೇರೆ. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ ಮತ್ತು ಜೋಶುವಾ ವಾಲೆಟ್ಸ್ಕಿ 1967ರಲ್ಲಿ ಇದನ್ನೇ ಕಥೆಯ ಮೂಲ ಗುಣ ಅಂತ ಗುರುತಿಸಿದರು. ಅವರು ನೋಡಿದ್ದು ದೊಡ್ಡ ಸಾಹಿತಿಗಳ ಕಥೆಗಳನ್ನಲ್ಲ, ಸಾಮಾನ್ಯ ಜನ ಬಾಯಲ್ಲಿ ಹೇಳಿದ ಸ್ವಂತ ಅನುಭವಗಳನ್ನು. ಲಬೋವ್ ಜನರನ್ನು ಮಾತಿಗೆಳೆಯಲು ಕೇಳುತ್ತಿದ್ದ ಒಂದು ಪ್ರಶ್ನೆ ಪ್ರಸಿದ್ಧ: ಪ್ರಾಣ ಹೋಗುವಂಥ ಅಪಾಯಕ್ಕೆ ಯಾವಾಗಲಾದರೂ ಸಿಕ್ಕಿದ್ದಿರಾ? ಕಾಡಾನೆ ಕಾಟ ಇರುವ ನಮ್ಮ ಸಿದ್ದಾಪುರ, ಮಾಲ್ದಾರೆ ಕಡೆ ಬಂದು ಕೇಳಿದ್ದರೆ ಅವರ ಟೇಪ್ ಸಾಲುತ್ತಿರಲಿಲ್ಲ.

ಹಾಗಾದರೆ ನಮ್ಮ ಬಾಯಿಗೆ ಹ್ಯಾಡ್ ಯಾಕೆ ಅಷ್ಟು ಸಲೀಸಾಗಿ ಬರುತ್ತದೆ? ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ನಿಮ್ಮ ತೊಡಕಿನ ಮುಕ್ಕಾಲು ಪಾಲು ಇಲ್ಲೇ ಇದೆ.

ಪಕ್ಕದ ಮನೆಯವರು ಸಿಕ್ಕಿ ‘ನಿನ್ನೆ ಕಾಣಿಸಲೇ ಇಲ್ಲ’ ಅಂದರೆ ನೀವು ಏನಂತೀರಿ? ‘ಮಡಿಕೇರಿಗೆ ಹೋಗಿದ್ದೆ’ ಅಂತೀರಿ. ‘ಹೋದೆ’ ಅನ್ನುವುದಿಲ್ಲ. ‘ನಿನ್ನೆ ಮಡಿಕೇರಿಗೆ ಹೋದೆ’ ಅಂದರೆ ಕೇಳಿದವರು ‘ಹ್ಞೂಂ, ಆಮೇಲೆ?’ ಅಂತ ಕಾಯುತ್ತಾರೆ. ಕನ್ನಡದಲ್ಲಿ ‘ಹೋಗಿದ್ದೆ’ ಅಂದರೆ ಹೋಗಿ ಬಂದಾಯಿತು, ವಿಷಯ ಮುಗಿಯಿತು ಅಂತ. ಅಥವಾ ಅದನ್ನು ಹೇಳಿ ಕಥೆಗೆ ಪೀಠಿಕೆ ಹಾಕುತ್ತೇವೆ: ‘ನಿನ್ನೆ ಮಡಿಕೇರಿಗೆ ಹೋಗಿದ್ದೆ, ಬಸ್‌ಸ್ಟ್ಯಾಂಡ್‌ನಲ್ಲಿ ಯಾರು ಸಿಕ್ಕಿದರು ಹೇಳಿ ನೋಡೋಣ.’ ‘ಆನೆ ಬಂದಿತ್ತು’, ‘ಮಳೆ ಹೊಡೆದಿತ್ತು’, ‘ನೆಂಟರು ಬಂದಿದ್ದರು’, ಎಲ್ಲ ಹೀಗೇ. ಈ ‘ಇದ್ದೆ, ಇತ್ತು, ಇದ್ದರು’ ಕಂಡ ತಕ್ಷಣ ನಮ್ಮ ತಲೆ ಅದಕ್ಕೆ ಹ್ಯಾಡ್ ಅಂಟಿಸುತ್ತದೆ. ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಮಡಿಕೇರಿ.’

ಇಂಗ್ಲಿಷ್ ಮನೆಮಾತಾಗಿರುವವರ ಕಿವಿಗೆ ಇದು ಬೇರೆ ಥರ ಕೇಳುತ್ತದೆ. ಹ್ಯಾಡ್ ಗಾನ್ ಅಂದ ಕೂಡಲೇ ಅವರು ಇನ್ನೊಂದು ಘಟನೆಗೆ ಕಾಯುತ್ತಾರೆ. ಯಾವುದು ನಡೆಯುವ ಹೊತ್ತಿಗೆ ಹೋಗಿಯಾಗಿತ್ತು? ನಿಮ್ಮ ಮೊದಲ ಸಾಲು ‘ಒನ್ ಎಲಿಫೆಂಟ್ ಹ್ಯಾಡ್ ಕಮ್’. ಅದನ್ನು ಕೇಳಿದ ಲಂಡನ್ನಿನ ಗೆಸ್ಟ್ ‘ಆನೆ ಆಗಲೇ ಬಂದಿತ್ತು, ಸರಿ, ಆಮೇಲೆ ಏನೋ ಆಯ್ತು’ ಅಂತ ಮುಂದಕ್ಕೆ ಬಾಗುತ್ತಾನೆ. ನೀವು ‘ದ ಡಾಗ್ ಹ್ಯಾಡ್ ಬಾರ್ಕ್ಡ್’ ಅಂತೀರಿ. ಓಹೋ, ನಾಯಿಯೂ ಆಗಲೇ ಬೊಗಳಿಯಾಗಿತ್ತು. ಗಂಡ ಟಾರ್ಚ್ ತಗೊಂಡಾಗಿತ್ತು, ಹೊರಗೆ ಹೋಗಿಯಾಗಿತ್ತು. ಎಲ್ಲ ಆಗಿಯೇ ಹೋಗಿದೆ, ಕಥೆ ಮಾತ್ರ ಇನ್ನೂ ಶುರುವಾಗಿಲ್ಲ!

ಡೆಲ್ಲಿ, ಮುಂಬೈ ಗೆಸ್ಟ್‌ಗಳಿಗೆ ಇದು ಅಷ್ಟೊಂದು ವಿಚಿತ್ರ ಅನ್ನಿಸುವುದಿಲ್ಲ. ಹಿಂದಿಯಲ್ಲೂ ‘ಗಯಾ ಥಾ’ ಅಂತಾರೆ, ಹಾಗಾಗಿ ಅವರ ಇಂಗ್ಲಿಷ್‌ನಲ್ಲೂ ‘ಹ್ಯಾಡ್ ಗಾನ್’ ಧಾರಾಳವಾಗಿ ಓಡಾಡುತ್ತದೆ. ನಮ್ಮ ನಮ್ಮಲ್ಲಿ ಹೀಗೆ ಮಾತಾಡಿದರೆ ಯಾರ ಗಂಟೂ ಹೋಗುವುದಿಲ್ಲ, ನಾಚಿಕೆ ಪಡಬೇಕಾದ್ದೂ ಇಲ್ಲ. ಆದರೆ ನೀವು ಕೇಳುತ್ತಿರುವುದು ಕಥೆ ಹೇಳುವುದು ಹೇಗೆ ಅಂತ. ಕಥೆಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಮುಖ್ಯ. ಹ್ಯಾಡ್ ಎಲ್ಲ ಕಡೆ ಬಿದ್ದರೆ ಆ ವ್ಯತ್ಯಾಸವೇ ಹೊರಟುಹೋಗುತ್ತದೆ.

ಮಕ್ಕಳಿಗೆ ನಾನು ಹೇಳಿಕೊಡುವ ಒಂದು ಪರೀಕ್ಷೆ ಇದೆ. ಕನ್ನಡ ವಾಕ್ಯಕ್ಕೆ ‘ಅದಕ್ಕೂ ಮೊದಲೇ’ ಅಂತ ಸೇರಿಸಿ ನೋಡಿ. ‘ನಿನ್ನೆ ಅದಕ್ಕೂ ಮೊದಲೇ ಮಡಿಕೇರಿಗೆ ಹೋಗಿದ್ದೆ.’ ಯಾವುದಕ್ಕೂ ಮೊದಲು? ಉತ್ತರ ಇಲ್ಲ. ಹಾಗಾದರೆ ಹ್ಯಾಡ್ ಬೇಡ, ‘ಐ ವೆಂಟ್ ಟು ಮಡಿಕೇರಿ ಯೆಸ್ಟರ್‌ಡೇ’ ಸಾಕು. ಈಗ ನಿಮ್ಮ ಕೊನೆಯ ಸಾಲು ತಗೊಳ್ಳಿ. ‘ಬೆಳಿಗ್ಗೆ ನೋಡಿದೆವು, ಆನೆ ಅದಕ್ಕೂ ಮೊದಲೇ ಪೈಪ್ ಒಡೆದು ಹಾಕಿತ್ತು.’ ಸರಿಯಾಗಿ ಕೂರುತ್ತದೆ. ನೀವು ನೋಡಿದ್ದು ಬೆಳಿಗ್ಗೆ, ಒಡೆದದ್ದು ರಾತ್ರಿ. ಕಥೆ ಬೆಳಗಿಗೆ ಬಂದು ನಿಂತ ಮೇಲೆ ಮತ್ತೆ ರಾತ್ರಿಗೆ ಹೋಗುತ್ತಿದ್ದೀರಿ. ಆ ಹಿಂದಿನ ಹೆಜ್ಜೆಗೇ ಹ್ಯಾಡ್ ಇರುವುದು: ‘ವೀ ಸಾ ದಟ್ ಇಟ್ ಹ್ಯಾಡ್ ಬ್ರೋಕನ್ ದ ಪೈಪ್.’ ನೀವು ಬರೆದ ‘ವೀ ಸಾ ಇಟ್ ಬ್ರೋಕ್’ ಕೇಳಿದವರಿಗೆ ಬೆಳಿಗ್ಗೆ ನಿಮ್ಮ ಕಣ್ಣೆದುರೇ ಒಡೆಯಿತೇನೋ ಅನ್ನಿಸಬಹುದು.

ಇನ್ನೊಂದು ತಪ್ಪು ನಂಬಿಕೆ ಇದೆ. ತುಂಬಾ ಹಿಂದೆ ನಡೆದದ್ದಕ್ಕೆ ಹ್ಯಾಡ್ ಹಾಕಬೇಕು ಅಂತ. ಎಷ್ಟು ಹಳೆಯದು ಅನ್ನುವುದಕ್ಕೂ ಹ್ಯಾಡ್‌ಗೂ ಸಂಬಂಧವೇ ಇಲ್ಲ. ಬ್ರಿಟಿಷರು ಕೊಡಗನ್ನು ವಶ ಮಾಡಿಕೊಂಡದ್ದು 1834ರಲ್ಲಿ. ‘ದ ಬ್ರಿಟಿಷ್ ಟುಕ್ ಕೂರ್ಗ್ ಇನ್ 1834’ ಅಷ್ಟೇ. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೂ ‘ಕೂರ್ಗ್ ಜಾಯಿನ್ಡ್’ ಸಾಕು. ಇಸವಿ ಪ್ರಕಾರ ಹೇಳಿಕೊಂಡು ಹೋಗುವಾಗ ಎಷ್ಟು ಶತಮಾನ ದಾಟಿದರೂ ಸಿಂಪಲ್ ಪಾಸ್ಟೇ. ಹಿಂದಕ್ಕೆ ಹೊರಳಿದಾಗ ಮಾತ್ರ ಹ್ಯಾಡ್. 1949ರ ಜನವರಿ 15ರಂದು ನಮ್ಮ ಕಾರ್ಯಪ್ಪನವರು ಸೇನೆಯ ಮುಖ್ಯಸ್ಥರಾದರು ಅಂತ ಹೇಳಿ, ಅಲ್ಲಿವರೆಗೆ ಆ ಹುದ್ದೆಯಲ್ಲಿ ಬ್ರಿಟಿಷರೇ ಇದ್ದರು ಅಂತ ಸೇರಿಸುತ್ತೀರಿ ಅಂದುಕೊಳ್ಳಿ. ‘ಅಂಟಿಲ್ ದೆನ್, ಬ್ರಿಟಿಷ್ ಆಫೀಸರ್ಸ್ ಹ್ಯಾಡ್ ಹೆಲ್ಡ್ ದಟ್ ಪೋಸ್ಟ್.’ ಇಲ್ಲಿ ಬೇಕು.

ಓಂಕಾರೇಶ್ವರದ ಕಥೆಯಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಗೆಸ್ಟ್‌ಗಳು ಅದರ ಬಗ್ಗೆ ಕೇಳುವುದು ಸಹಜ. ಗುಮ್ಮಟ, ನಾಲ್ಕು ಮೂಲೆಗೂ ಮಿನಾರು, ಮುಂದೆ ಕೆರೆ. ಶಿವನ ದೇವಸ್ಥಾನ ಅಂದರೆ ನಂಬುವುದು ಕಷ್ಟ. ಕೊಡಗಿನ ರಾಜ ಲಿಂಗರಾಜೇಂದ್ರ ಅದನ್ನು ಕಟ್ಟಿಸಿದ್ದು 1820ರಲ್ಲಿ. ಜನ ಹೇಳುವ ಕಥೆ ನಿಮಗೂ ಗೊತ್ತಿರುತ್ತದೆ. ರಾಜ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ. ಅವನು ಬ್ರಹ್ಮರಾಕ್ಷಸನಾಗಿ ಕಾಡಿದ. ತಿಳಿದವರು ಶಿವನ ಗುಡಿ ಕಟ್ಟಿಸು ಅಂದರು. ಕಾಶಿಯಿಂದ ಲಿಂಗ ತರಿಸಿ ಪ್ರತಿಷ್ಠೆ ಮಾಡಿದ ಮೇಲೆ ಕಾಟ ನಿಂತಿತು.

ಈ ಕಥೆಯನ್ನು ಇದೇ ಕ್ರಮದಲ್ಲಿ ಹೇಳಿದರೆ ಹ್ಯಾಡ್ ಒಂದೂ ಬೇಡ. ‘ದ ಕಿಂಗ್ ಕಿಲ್ಡ್ ಅ ಬ್ರಾಹ್ಮಿನ್. ದ ಘೋಸ್ಟ್ ಟ್ರಬಲ್ಡ್ ಹಿಮ್. ವೈಸ್ ಮೆನ್ ಟೋಲ್ಡ್ ಹಿಮ್ ಟು ಬಿಲ್ಡ್ ಅ ಟೆಂಪಲ್. ಹೀ ಬ್ರಾಟ್ ಅ ಲಿಂಗ ಫ್ರಮ್ ಕಾಶಿ.’ ಸರಾಗವಾಗಿ ಹೋಗುತ್ತದೆ. ಆದರೆ ನೀವು ಗೆಸ್ಟ್‌ಗಳನ್ನು ದೇವಸ್ಥಾನದ ಎದುರೇ ನಿಲ್ಲಿಸಿಕೊಂಡು ಹೇಳುವಾಗ ಹೀಗೆ ಶುರು ಮಾಡುವುದಿಲ್ಲ. ಎದುರಿಗೆ ಕಾಣುವುದರಿಂದಲೇ ಮಾತು ತೆಗೆಯುತ್ತೀರಿ. ‘ಕಿಂಗ್ ಲಿಂಗರಾಜೇಂದ್ರ ಬಿಲ್ಟ್ ದಿಸ್ ಟೆಂಪಲ್ ಇನ್ 1820.’ ಈಗ ಯಾಕೆ ಅಂತ ಹೇಳಬೇಕು, ಅಂದರೆ 1820ಕ್ಕಿಂತ ಹಿಂದಕ್ಕೆ ಹೋಗಬೇಕು. ‘ಪೀಪಲ್ ಸೇ ದಟ್ ಹೀ ಹ್ಯಾಡ್ ಕಿಲ್ಡ್ ಅ ಬ್ರಾಹ್ಮಿನ್.’ ಇಲ್ಲಿ ಹ್ಯಾಡ್ ಬಂತು. ಇನ್ನು ಮುಂದೆ?

ಇಲ್ಲೇ ಒಂದು ಗುಟ್ಟು ಇದೆ, ಪಠ್ಯಪುಸ್ತಕಗಳು ಇದನ್ನು ಅಷ್ಟಾಗಿ ಹೇಳುವುದಿಲ್ಲ. ಹಿಂದಕ್ಕೆ ಹೋಗುವ ಬಾಗಿಲಿಗೆ ಒಂದು ಹ್ಯಾಡ್ ಸಾಕು, ಹೆಚ್ಚೆಂದರೆ ಎರಡು. ಒಳಗೆ ಹೋದ ಮೇಲೆ ಮತ್ತೆ ಸಿಂಪಲ್ ಪಾಸ್ಟಿಗೆ ಇಳಿಯಬಹುದು. ‘ಹೀ ಹ್ಯಾಡ್ ಕಿಲ್ಡ್ ಅ ಬ್ರಾಹ್ಮಿನ್. ದ ಮ್ಯಾನ್ ಬಿಕೇಮ್ ಅ ಘೋಸ್ಟ್ ಅಂಡ್ ಟ್ರಬಲ್ಡ್ ದ ಕಿಂಗ್ ಎವ್ರಿ ನೈಟ್.’ ನಾವು ಹಿಂದಿನ ಕಾಲದಲ್ಲಿದ್ದೇವೆ ಅಂತ ಕೇಳುವವರಿಗೆ ಆಗಲೇ ಗೊತ್ತಾಗಿದೆ. ಪ್ರತಿ ಕ್ರಿಯಾಪದಕ್ಕೂ ನೆನಪಿಸಬೇಕಾಗಿಲ್ಲ. ‘ಹ್ಯಾಡ್ ಬಿಕಮ್, ಹ್ಯಾಡ್ ಟ್ರಬಲ್ಡ್, ಹ್ಯಾಡ್ ಟೋಲ್ಡ್’ ಅಂತ ಎಳೆದರೆ ವ್ಯಾಕರಣದ ತಪ್ಪು ಆಗುವುದಿಲ್ಲ, ಕೇಳುವವರು ಆಕಳಿಸುತ್ತಾರೆ ಅಷ್ಟೇ. ಕಾದಂಬರಿ ಬರೆಯುವವರೂ ಹೀಗೇ ಮಾಡುತ್ತಾರೆ. ಯಾವುದಾದರೂ ಇಂಗ್ಲಿಷ್ ಕಾದಂಬರಿಯಲ್ಲಿ ಹಳೆಯ ನೆನಪು ಶುರುವಾಗುವ ಜಾಗ ಹುಡುಕಿ ನೋಡಿ. ಮೊದಲ ಒಂದೆರಡು ವಾಕ್ಯದಲ್ಲಿ ಹ್ಯಾಡ್ ಇರುತ್ತದೆ, ಆಮೇಲೆ ಸದ್ದಿಲ್ಲದೆ ಮಾಯವಾಗುತ್ತದೆ. ವಾಪಸ್ ಬರುವಾಗ ಒಂದು ಗುರುತು ಹಾಕಿದರೆ ಆಯ್ತು: ‘ಸೋ ಇನ್ 1820...’

ಈಗ ‘ವಾಸ್ ಈಟಿಂಗ್’ ಕಡೆ ಬರೋಣ. ನೀವು ‘ವೀ ವರ್ ಸ್ಲೀಪಿಂಗ್’, ‘ದ ಎಲಿಫೆಂಟ್ ವಾಸ್ ಈಟಿಂಗ್’ ಅಂದದ್ದು ಎರಡೂ ಸರಿ. ಘಟನೆ ನಡೆಯುವ ಹೊತ್ತಿಗೆ ಸುತ್ತ ಏನು ನಡೀತಾ ಇತ್ತು ಅಂತ ತೋರಿಸುವುದು ಇದರ ಕೆಲಸ. ಮಲಗಿದ್ದೆವು, ಮಳೆ ಬರ್ತಾ ಇತ್ತು, ಅಷ್ಟರಲ್ಲಿ ನಾಯಿ ಬೊಗಳಿತು. ಮೊದಲೆರಡು ವಾಸ್, ವರ್. ಮೂರನೆಯದು ಸಿಂಪಲ್ ಪಾಸ್ಟ್. ಈ ‘ಅಷ್ಟರಲ್ಲಿ’ ಸಿಕ್ಕಿದರೆ ಎರಡಕ್ಕೂ ಜಾಗ ತಾನಾಗಿ ಗೊತ್ತಾಗುತ್ತದೆ. ಇದರಲ್ಲಿ ಕನ್ನಡ ನಮಗೆ ಸಹಾಯವನ್ನೇ ಮಾಡುತ್ತದೆ.

ಕನ್ನಡ ಕೈಕೊಡುವುದು ‘ಹೋಗ್ತಿದ್ದರು’ ಬಂದಾಗ. ‘ನಾನು ನೋಡಿದಾಗ ಅಜ್ಜ ಸಂತೆಗೆ ಹೋಗ್ತಿದ್ದರು’ ಅಂತೀವಿ. ‘ಆ ಕಾಲದಲ್ಲಿ ಅಜ್ಜ ವಾರವಾರ ಸಂತೆಗೆ ನಡೆದೇ ಹೋಗ್ತಿದ್ದರು’ ಅಂತಲೂ ಅಂತೀವಿ. ಕನ್ನಡದಲ್ಲಿ ರೂಪ ಒಂದೇ, ಇಂಗ್ಲಿಷ್‌ನಲ್ಲಿ ಬೇರೆ ಬೇರೆ. ಮೊದಲನೆಯದು ಒಂದು ದಿನದ ದೃಶ್ಯ, ‘ವಾಸ್ ಗೋಯಿಂಗ್’. ಎರಡನೆಯದು ರೂಢಿ. ಅದಕ್ಕೆ ‘ಮೈ ಗ್ರ್ಯಾಂಡ್‌ಫಾದರ್ ವಾಸ್ ವಾಕಿಂಗ್ ಟು ದ ಮಾರ್ಕೆಟ್ ಎವ್ರಿ ವೀಕ್’ ಅಂದರೆ ಒಪ್ಪುವುದಿಲ್ಲ. ‘ಯೂಸ್ಡ್ ಟು ವಾಕ್’ ಅನ್ನಬೇಕು, ಅಥವಾ ‘ವುಡ್ ವಾಕ್’. ಸುಮ್ನೆ ‘ವಾಕ್ಡ್ ಎವ್ರಿ ವೀಕ್’ ಅಂದರೂ ನಡೆಯುತ್ತದೆ.

ಯೂಸ್ಡ್ ಟು, ವುಡ್ ಎರಡನ್ನೂ ಹೇಗೆ ಬೆರೆಸುವುದು? ಚೆನ್ನಾಗಿ ಕಥೆ ಹೇಳುವವರು ಮೊದಲು ಒಂದು ಸಲ ಯೂಸ್ಡ್ ಟು ಅಂತ ಹೇಳಿ ಕಾಲವನ್ನು ಗಟ್ಟಿ ಮಾಡಿಕೊಳ್ಳುತ್ತಾರೆ, ಆಮೇಲೆ ವುಡ್‌ನಲ್ಲಿ ಓಡಿಸುತ್ತಾರೆ. ‘ವೆನ್ ಐ ವಾಸ್ ಸ್ಮಾಲ್, ಮೈ ಗ್ರ್ಯಾಂಡ್‌ಫಾದರ್ ಯೂಸ್ಡ್ ಟು ವಾಕ್ ಟು ದ ಮಾರ್ಕೆಟ್. ಹೀ ವುಡ್ ಲೀವ್ ಬಿಫೋರ್ ಸನ್‌ರೈಸ್. ಹೀ ವುಡ್ ಕ್ಯಾರಿ ಪೆಪ್ಪರ್ ಅಂಡ್ ಬ್ರಿಂಗ್ ಬ್ಯಾಕ್ ಡ್ರೈ ಫಿಶ್.’ ಕೇಳಲು ಎಷ್ಟು ಹಿತ ನೋಡಿ. ಒಂದೇ ಎಚ್ಚರಿಕೆ. ವುಡ್ ಮತ್ತೆ ಮತ್ತೆ ಮಾಡುತ್ತಿದ್ದ ಕೆಲಸಕ್ಕೆ ಮಾತ್ರ. ‘ಇಲ್ಲಿ ಮೊದಲು ಗದ್ದೆ ಇತ್ತು’ ಅನ್ನುವುದಕ್ಕೆ ‘ದೇರ್ ಯೂಸ್ಡ್ ಟು ಬಿ ಪ್ಯಾಡಿ ಫೀಲ್ಡ್ಸ್ ಹಿಯರ್’ ಅನ್ನಬೇಕು, ವುಡ್ ಬಿ ಆಗುವುದಿಲ್ಲ. ಗದ್ದೆ ಕೆಲಸ ಅಲ್ಲ, ಇದ್ದ ಸ್ಥಿತಿ. ಈಗ ಎಷ್ಟೋ ಕಡೆ ಗದ್ದೆ ಪಾಳು ಬಿದ್ದಿದೆ ಅಥವಾ ಶುಂಠಿ ಹಾಕಿದ್ದಾರೆ, ಹಾಗಾಗಿ ಈ ವಾಕ್ಯ ನಿಮಗೆ ಬೇಕಾಗುತ್ತದೆ.

‘ವಾಸ್ ನಾಟ್ ನೋಯಿಂಗ್’ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನೋ, ವಾಂಟ್, ಅಂಡರ್‌ಸ್ಟ್ಯಾಂಡ್, ಬಿಲಾಂಗ್ ಥರದವಕ್ಕೆ, ಇದೆ ಅನ್ನುವ ಅರ್ಥದ ಹ್ಯಾವ್‌ಗೂ, ಐಎನ್‌ಜಿ ಹಾಕಬೇಡಿ. ‘ಹೀ ಡಿಡಂಟ್ ನೋ ವಾಟ್ ಟು ಡು.’ ‘ವೀ ಹ್ಯಾಡ್ ಟೂ ಡಾಗ್ಸ್’, ‘ವರ್ ಹ್ಯಾವಿಂಗ್’ ಬೇಡ. ಡಿಡಂಟ್ ಬಂದರೆ ಮುಂದೆ ನೋ, ಗೋ, ಸೀ. ನ್ಯೂ, ವೆಂಟ್, ಸಾ ಅಲ್ಲ.

2018ರ ಮಳೆಯ ಕಥೆಗೆ ಇನ್ನೊಂದು ರೂಪ ಬೇಕಾಗುತ್ತದೆ. ಆ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು ಕಡೆ ಗುಡ್ಡ ಜಾರಿದ್ದು, ಮಡಿಕೇರಿಯಿಂದ ಸಂಪಾಜೆ ಕಡೆಯ ಹೆದ್ದಾರಿ ಕಡಿದುಹೋದದ್ದು ಎಲ್ಲ ಹೇಳುವ ಮೊದಲು, ಮಳೆ ಎಷ್ಟು ದಿನದಿಂದ ಹಿಡಿದಿತ್ತು ಅಂತ ಹೇಳುತ್ತೀರಲ್ವಾ? ‘ದಿನಗಟ್ಟಲೆ ಮಳೆ ಸುರೀತಾನೇ ಇತ್ತು.’ ಇದನ್ನು ‘ಇಟ್ ವಾಸ್ ರೈನಿಂಗ್ ಸಿನ್ಸ್ ಮೆನಿ ಡೇಸ್’ ಅಂತಾರೆ ನಮ್ಮವರು. ‘ಇಟ್ ಹ್ಯಾಡ್ ಬೀನ್ ರೈನಿಂಗ್ ಫಾರ್ ಡೇಸ್’ ಅನ್ನಬೇಕು. ಮೊದಲೇ ಶುರುವಾಗಿ, ಗುಡ್ಡ ಜಾರುವ ಹೊತ್ತಿನವರೆಗೂ ಬರುತ್ತಲೇ ಇದ್ದದ್ದು ಅದು. ಎಷ್ಟು ಹೊತ್ತು ಅನ್ನುವುದಕ್ಕೆ ಫಾರ್, ಯಾವಾಗಿನಿಂದ ಅನ್ನುವುದಕ್ಕೆ ಸಿನ್ಸ್. ಆಮೇಲೆ ನೇರವಾಗಿ ಸಿಂಪಲ್ ಪಾಸ್ಟ್: ‘ದೆನ್ ದ ಹಿಲ್ಸ್ ಕೇಮ್ ಡೌನ್.’ ‘ಬೈ ದ ಟೈಮ್’ ಬಂದಾಗಲೂ ಹ್ಯಾಡ್‌ಗೆ ಜಾಗ ಇದೆ: ‘ಬೈ ದ ಟೈಮ್ ಹೆಲ್ಪ್ ಕೇಮ್, ದ ರೋಡ್ ಹ್ಯಾಡ್ ಗಾನ್.’

ಕಥೆ ಹೇಳುವಾಗ ನಾವು ಒಮ್ಮೊಮ್ಮೆ ವರ್ತಮಾನಕ್ಕೆ ಹಾರುತ್ತೇವೆ. ‘ಬಾಗಿಲು ತೆಗೀತೀನಿ, ಆನೆ ಎದುರಿಗೇ ನಿಂತಿದೆ!’ ಇಂಗ್ಲಿಷ್‌ನಲ್ಲೂ ಜನ ಹಾಗೆ ಹೇಳುತ್ತಾರೆ, ‘ಐ ಓಪನ್ ದ ಡೋರ್ ಅಂಡ್ ದೇರ್ ಇಟ್ ಈಸ್!’ ಅಂತ. ತಪ್ಪಲ್ಲ. ಹಾರಿದ ಮೇಲೆ ಆ ಭಾಗ ಮುಗಿಯುವ ತನಕ ಅಲ್ಲೇ ಇರಬೇಕು, ಒಂದು ವಾಕ್ಯ ಅಲ್ಲಿ ಒಂದು ಇಲ್ಲಿ ಆದರೆ ಕೆಡುತ್ತದೆ. ಆನೆ ಕಥೆಗೆ ಇದು ಸೊಗಸು. 2018ರ ಕಥೆಗೆ ನಾನಾದರೆ ಬಳಸುವುದಿಲ್ಲ. ಜೀವ ಕಳೆದುಕೊಂಡವರ ವಿಷಯ ಅದು, ಸಾದಾ ಭೂತಕಾಲದಲ್ಲಿ ಹೇಳಿದರೇ ಗೌರವ.

ಇನ್ನು ‘ಅಂತ’. ‘ಆನೆ ಕಣದ ಹತ್ರ ಬಂದಿದೆ ಅಂತ ರೈಟರ್ ಹೇಳಿದರು.’ ನಾವು ಅವರ ಮಾತನ್ನು ಹಾಗೇ ಇಟ್ಟು ‘ಅಂತ’ ಸೇರಿಸಿಬಿಡುತ್ತೇವೆ. ಅದನ್ನೇ ‘ದ ರೈಟರ್ ಟೋಲ್ಡ್ ದಟ್ ಎಲಿಫೆಂಟ್ ಹ್ಯಾಸ್ ಕಮ್’ ಅಂತ ಮಾಡಿದರೆ ಕಾಲ ಕೂಡುವುದಿಲ್ಲ. ‘ಟೋಲ್ಡ್ ಅಸ್ ದಟ್ ಆ್ಯನ್ ಎಲಿಫೆಂಟ್ ಹ್ಯಾಡ್ ಕಮ್.’ ಹೇಳಿದ್ದು ಹಿಂದೆ, ಬಂದದ್ದು ಅದಕ್ಕೂ ಹಿಂದೆ. ಇಲ್ಲೂ ‘ಅದಕ್ಕೂ ಮೊದಲೇ’ ಪರೀಕ್ಷೆ ಪಾಸಾಗುತ್ತದೆ. ಟೋಲ್ಡ್ ಆದ ಮೇಲೆ ಯಾರಿಗೆ ಅಂತ ಹೇಳಲೇಬೇಕು. ಅಂದಹಾಗೆ, ಎಸ್ಟೇಟಿನ ರೈಟರ್ ಅಂದರೆ ಹೊರಗಿನವರು ಕಥೆ ಬರೆಯುವವರು ಅಂದುಕೊಳ್ಳುತ್ತಾರೆ. ‘ಸೂಪರ್‌ವೈಸರ್’ ಅಂದುಬಿಡಿ.

ಗೆಸ್ಟ್‌ಗಳು ಪ್ರಶ್ನೆ ಕೇಳುವಾಗ ‘ಹ್ಯಾಸ್ ಆ್ಯನ್ ಎಲಿಫೆಂಟ್ ಎವರ್ ಕಮ್ ಹಿಯರ್?’ ಅಂತಾರೆ. ಆ ಹ್ಯಾಸ್‌ಗೆ ಹ್ಯಾಸ್‌ನಲ್ಲೇ ಉತ್ತರ ಕೊಡಿ. ‘ಓ ಯೆಸ್, ಇಟ್ ಹ್ಯಾಸ್, ಮೆನಿ ಟೈಮ್ಸ್.’ ಆದರೆ ಯಾವಾಗ ಅಂತ ಬಾಯಿಬಿಟ್ಟ ಕ್ಷಣವೇ ಹ್ಯಾವ್, ಹ್ಯಾಸ್ ಬಿಟ್ಟು ಸಿಂಪಲ್ ಪಾಸ್ಟಿಗೆ ಬರಬೇಕು. ‘ಲಾಸ್ಟ್ ಜೂನ್, ಒನ್ ಕೇಮ್ ರೈಟ್ ಅಪ್ ಟು ದ ಹೌಸ್.’ ಲಾಸ್ಟ್ ಜೂನ್, ಯೆಸ್ಟರ್‌ಡೇ, 2018 ಅಂತ ದಿನ ಹೇಳಿಯೂ ‘ಹ್ಯಾಸ್ ಕಮ್’ ಅನ್ನುವುದು ಸರಿಹೋಗದು.

ನೀವು ಬಾಯಲ್ಲಿ ಹೇಳುವವರಾದ್ದರಿಂದ ಉಚ್ಚಾರಣೆಯನ್ನೂ ಸೇರಿಸುತ್ತೇನೆ. ಬರೆದ ಅಕ್ಷರವನ್ನೆಲ್ಲ ಓದುವ ಅಭ್ಯಾಸ ನಮ್ಮದು. ಹಾಗಾಗಿ ‘ವಾಕೆಡ್, ಲುಕೆಡ್, ಓಪನೆಡ್’ ಅಂತ ಬರುತ್ತದೆ. ಟ್ ಅಥವಾ ಡ್ ಸದ್ದಿನಲ್ಲಿ ಮುಗಿಯುವ ಪದಕ್ಕೆ ಮಾತ್ರ ಆ ‘ಎಡ್’ ಇದೆ: ವಾಂಟೆಡ್, ಶೌಟೆಡ್, ಸ್ಟಾರ್ಟೆಡ್. ವಾಕ್, ಲುಕ್, ಬಾರ್ಕ್‌ಗೆ ಕೊನೆಯಲ್ಲಿ ಸಣ್ಣ ಟ್ ಅಷ್ಟೇ, ಓಪನ್, ಟರ್ನ್, ಕಿಲ್‌ಗೆ ಸಣ್ಣ ಡ್. ಆನೆ ಓಡಿಸಿಕೊಂಡು ಬರುವ ಜಾಗದಲ್ಲಿ ‘ವಾಕೆಡ್’ ಅಂದರೆ ವೇಗವೇ ಸತ್ತುಹೋಗುತ್ತದೆ.

ಅಭ್ಯಾಸಕ್ಕೆ ನಾನು ಹೇಳುವುದು ಇಷ್ಟು. ಮೊದಲು ಇಡೀ ಕಥೆಯನ್ನು ಬರೀ ಸಿಂಪಲ್ ಪಾಸ್ಟಿನಲ್ಲಿ ಫೋನಿಗೆ ಹೇಳಿ ರೆಕಾರ್ಡ್ ಮಾಡಿ. ವಾಸ್ ಈಟಿಂಗ್ ಬೇಡ, ಹ್ಯಾಡ್ ಬೇಡ. ಸ್ವಲ್ಪ ಬೋಳು ಅನ್ನಿಸಿದರೂ ಕಥೆ ನಿಲ್ಲುತ್ತದೆ. ಕೇಳಿಸಿಕೊಂಡು, ‘ಅಷ್ಟರಲ್ಲಿ’ ಬರುವ ಕಡೆ ಮಾತ್ರ ಹಿಂದಿನ ವಾಕ್ಯವನ್ನು ವಾಸ್, ವರ್‌ಗೆ ತಿರುಗಿಸಿ. ಕೊನೆಗೆ ಹಿಂದಕ್ಕೆ ಹೊರಳಿದ ಜಾಗ ಹುಡುಕಿ ಅಲ್ಲಿ ಹ್ಯಾಡ್ ಹಾಕಿ. ಇನ್ನೊಂದು ವಿಷಯ. ‘ಎದ್ದು, ಟಾರ್ಚ್ ತಗೊಂಡು, ಬಾಗಿಲು ತೆಗೆದು, ಹೊರಗೆ ಹೋದರು’ ಅನ್ನುವ ನಮ್ಮ ಸರಪಳಿ ಇಂಗ್ಲಿಷ್‌ನಲ್ಲಿ ‘ಆಫ್ಟರ್ ಗೆಟಿಂಗ್ ಅಪ್, ಆಫ್ಟರ್ ಟೇಕಿಂಗ್’ ಆಗಬೇಕಾಗಿಲ್ಲ. ‘ಗಾಟ್ ಅಪ್, ಟುಕ್, ಓಪನ್ಡ್, ವೆಂಟ್ ಔಟ್.’ ಕರ್ತೃವನ್ನು ಒಂದೇ ಸಲ ಹೇಳಿದರೆ ಸಾಕು.

ಹೀಗೆ ಮಾಡಿದರೆ ನಿಮ್ಮ ಕಥೆ ಹೆಚ್ಚುಕಡಿಮೆ ಹೀಗಾಗುತ್ತದೆ. ಮಳೆ ಮತ್ತು ಟಾರ್ಚ್ ಆರಿಸಿದ್ದು ನಾನು ಸೇರಿಸಿದ್ದು, ನಿಜ ಏನಾಯ್ತೋ ಅದನ್ನು ನೀವು ಹಾಕಿಕೊಳ್ಳಿ.

‘ಲಾಸ್ಟ್ ಜೂನ್, ಆ್ಯನ್ ಎಲಿಫೆಂಟ್ ಕೇಮ್ ಇಂಟು ಅವರ್ ಎಸ್ಟೇಟ್. ಇಟ್ ವಾಸ್ ರೈನಿಂಗ್, ಅಂಡ್ ವೀ ವರ್ ಆಲ್ ಸ್ಲೀಪಿಂಗ್. ಸಡನ್ಲಿ ದ ಡಾಗ್ ಸ್ಟಾರ್ಟೆಡ್ ಬಾರ್ಕಿಂಗ್. ಮೈ ಹಸ್ಬೆಂಡ್ ಗಾಟ್ ಅಪ್, ಟುಕ್ ದ ಟಾರ್ಚ್ ಅಂಡ್ ವೆಂಟ್ ಔಟ್‌ಸೈಡ್. ದ ಎಲಿಫೆಂಟ್ ವಾಸ್ ಸ್ಟ್ಯಾಂಡಿಂಗ್ ಅಂಡರ್ ದ ಟ್ರೀ, ಈಟಿಂಗ್ ಅ ಜ್ಯಾಕ್‌ಫ್ರೂಟ್. ಹೀ ಡಿಡಂಟ್ ನೋ ವಾಟ್ ಟು ಡು. ಹೀ ಸ್ವಿಚ್ಡ್ ಆಫ್ ದ ಟಾರ್ಚ್ ಅಂಡ್ ಕೇಮ್ ಬ್ಯಾಕ್ ಇನ್. ಆಫ್ಟರ್ ಅ ವೈಲ್, ದ ಎಲಿಫೆಂಟ್ ವಾಕ್ಡ್ ಅವೇ. ಇನ್ ದ ಮಾರ್ನಿಂಗ್, ವೀ ಸಾ ದಟ್ ಇಟ್ ಹ್ಯಾಡ್ ಬ್ರೋಕನ್ ದ ವಾಟರ್ ಪೈಪ್.’

ಹ್ಯಾಡ್ ಒಂದೇ. ಅದು ಇರುವ ಜಾಗದಲ್ಲೇ ಕಥೆಗೆ ಸಣ್ಣ ತಿರುವೂ ಇದೆ. (ಯಜಮಾನರಿಗೆ ಒಂದು ಮಾತು ಹೇಳಿ: ಕಾಡಾನೆ ಬಂದಿದೆ ಅನ್ನಿಸಿದರೆ ಟಾರ್ಚ್ ಹಿಡಿದು ಹೊರಗೆ ಹೋಗುವುದು ಬೇಡ. ಒಳಗೇ ಇದ್ದು ಅರಣ್ಯ ಇಲಾಖೆಗೆ ಫೋನ್ ಮಾಡಲಿ.)

ಕೊನೆಗೆ ನಿಮ್ಮ ಇನ್ನೊಂದು ಪ್ರಶ್ನೆ. ‘ಹ್ಯಾಡ್ ಹ್ಯಾಡ್’ ಪ್ರಿಂಟ್ ತಪ್ಪಲ್ಲ. ಊಟ ಮಾಡುವುದಕ್ಕೆ ‘ಹ್ಯಾವ್ ಡಿನ್ನರ್’ ಅಂತೀವಲ್ಲ, ಆ ಹ್ಯಾವ್‌ನ ಮೂರನೆಯ ರೂಪ (ಹ್ಯಾವ್, ಹ್ಯಾಡ್, ಹ್ಯಾಡ್) ಎರಡನೆಯ ಹ್ಯಾಡ್. ಅದಕ್ಕೂ ಮೊದಲೇ ಆಗಿತ್ತು ಅಂತ ಹೇಳುವುದು ಮೊದಲನೆಯದು. ಗೆಸ್ಟ್‌ಗಳು ರಾಜಾಸೀಟ್ ನೋಡಿ, ಮಡಿಕೇರಿಯಲ್ಲೇ ಊಟ ಮುಗಿಸಿ ಬಂದರು ಅನ್ನಿ. ನೀವು ಪಂದಿ ಕರಿ, ಕಡುಂಬಿಟ್ಟು ಮಾಡಿಟ್ಟು ಕಾದದ್ದು ದಂಡ. ‘ವೆನ್ ದೇ ಕೇಮ್ ಬ್ಯಾಕ್, ದೇ ಹ್ಯಾಡ್ ಆಲ್ರೆಡಿ ಹ್ಯಾಡ್ ಡಿನ್ನರ್.’ ಮಾತಿನಲ್ಲಿ ಮೊದಲನೆಯದು ಕರಗಿ ‘ದೇಡ್ ಆಲ್ರೆಡಿ ಹ್ಯಾಡ್’ ಅಂತ ಕೇಳಿಸುತ್ತದೆ. ಬಾಯಿಗೆ ತೊಡಕಾದರೆ ‘ದೇ ಹ್ಯಾಡ್ ಆಲ್ರೆಡಿ ಈಟನ್’ ಅನ್ನಿ, ಅದೂ ಅಷ್ಟೇ ಸರಿ.